ಮಣ್ಣಿಗೆ ಕೊಟ್ಟ ಬಾಟ್ಲಿ

ಯುಗಾದಿ ಮುಗಿದು ಬಾಗಿಲ ತೋರಣದ ಮಾವಿನೆಲೆ ಇನ್ನೂ ಪೂರಾ ಒಣಗಿರಲಿಲ್ಲ. ಬೆಳ್ಳಿಚುಕ್ಕಿ ಮೇಲೆ ಬಂದು, ಮೂಡಲ ದಿಕ್ಕು ಬೂದಿ ಬಣ್ಣಕ್ಕೆ ತಿರುಗುವ ಹೊತ್ತು. ಬೇಸಿಗೆಯಲ್ಲಿ ಹಿರೇಹಡಗಲಿಯ ಮಲ್ಲಿಗೆ ತೋಟದವರು ಏಳುವುದೇ ಆಗ. ಬಿಸಿಲು ತಾಗಿದರೆ ಮೊಗ್ಗು ಬಾಯಿ ಬಿಡುತ್ತದೆ, ಬಾಯಿ ಬಿಟ್ಟ ಮೊಗ್ಗನ್ನು ಪ್ಯಾಟೆಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಕೊಟ್ರಮ್ಮ ಸೀರೆಯನ್ನು ಮಡಿಲು ಮಾಡಿ ಕಟ್ಟಿಕೊಂಡು ಸಾಲಿಗೆ ಇಳಿದಳು. ಮದುವೆಯಾಗಿ ಬಂದ ವರ್ಷದಿಂದ ಅದೇ ತೋಟ, ಅದೇ ಸಾಲು. ಕೈ ತನ್ನಷ್ಟಕ್ಕೆ ತಾನೇ ಬಿಡಿಸುತ್ತಿತ್ತು.

ನಡುವೆ ಒಮ್ಮೆಲೇ ನಿಂತು ಮೂಗು ಏರಿಸಿದಳು.

"ಯಾರಬೇ ಶೇಂಗಾ ಸೀಸಿದಾಕಿ?"

ಪಕ್ಕದ ಸಾಲಿನಲ್ಲಿ ಬಿಡಿಸುತ್ತಿದ್ದ ಕೂಲಿಯ ಜಂಬಮ್ಮ ನಕ್ಕಳು. "ಇಷ್ಟೊತ್ತಿಗೆ ಯಾರು ಒಲಿ ಹಚ್ಯಾರಕ್ಕಾರ? ಮಲ್ಲಿಗಿ ವಾಸನಿ ಬಿಟ್ರ ನನ್ನ ಮೂಗಿಗೆ ಏನೂ ಬರವಲ್ದು."

ಕೊಟ್ರಮ್ಮನಿಗೆ ಮಾತ್ರ ಹುರಿದ ಶೇಂಗಾ ಸೀದು ಕರಕಾದ ವಾಸನೆ ಗಂಟಲತನಕ ಇಳಿದಿತ್ತು. ಮತ್ತೊಂದು ಮೊಗ್ಗಿಗೆ ಬಲಗೈ ಚಾಚಿದಳು. ಬೆರಳು ಮೊಗ್ಗಿನ ತನಕ ಹೋದವು, ಮುಚ್ಚಿಕೊಳ್ಳಲಿಲ್ಲ. ತನ್ನ ಕೈಯನ್ನು ತಾನೇ ಯಾರದೋ ಕೈ ನೋಡುವಂತೆ ನೋಡಿದಳು. ಆಮೇಲೆ ಮೈಯೆಲ್ಲ ಸೆಟೆದು ಗಿಡದ ಮೇಲೆಯೇ ಬಿದ್ದಳು. ಮಡಿಲ ಮೊಗ್ಗು ಮಣ್ಣ ಮೇಲೆ ಚೆಲ್ಲಿದವು.

ತಾಲೂಕಾ ಊರು ಹಡಗಲಿಯ ಡಾಕ್ಟರು ಮುಟ್ಟಿ ನೋಡಿ ದಾವಣಗೆರೆಗೆ ಬರೆದುಕೊಟ್ಟರು. ದಾವಣಗೆರೆಯಲ್ಲಿ ಮಶೀನಿನೊಳಗೆ ಮಲಗಿಸಿ ಫೋಟೋ ತೆಗೆದರು. ಎಡಗಡೆ ಮೆದುಳಿನೊಳಗೆ ಗಡ್ಡೆ ಎಂದರು. ತಲೆ ಬೋಳಿಸಿ, ಬುರುಡೆ ತೆಗೆದು, ಕೈಗೆ ಸಿಕ್ಕಷ್ಟು ತೆಗೆದರು.

ಗಂಡ ಗಾದೆಪ್ಪ ರಕ್ತ ನೋಡುವ ಗಂಡಸಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಟವೆಲ್ಲು ಮುಖಕ್ಕೆ ಹಿಡಿದು ಕೂತಿದ್ದ. ಓಡಾಟವೆಲ್ಲ ಅವನ ಅಣ್ಣ ಕರಿಬಸಪ್ಪನದು. ಆ ಮನೆತನದಲ್ಲಿ ಯಾವಾಗಲೂ ಹಾಗೆಯೇ, ಅಣ್ಣ ನಡೆಯುತ್ತಾನೆ, ತಮ್ಮ ಹಿಂದೆ ಬರುತ್ತಾನೆ. ಆಪರೇಶನ್ನು ಮುಗಿದ ಮೇಲೆ ನರ್ಸಮ್ಮ ಬಾಗಿಲಿಗೆ ಬಂದು, ಬಿಳಿ ಮುಚ್ಚಳದ ಒಂದು ಪ್ಲಾಸ್ಟಿಕ್ ಬಾಟ್ಲಿಯನ್ನು ಕರಿಬಸಪ್ಪನ ಕೈಗೆ ಕೊಟ್ಟಳು. ಒಳಗೆ ಮೂಗು ಸುಡುವಂಥ ನೀರು, ನೀರಿನಲ್ಲಿ ಕೊಟ್ರಮ್ಮನ ಗಡ್ಡೆಯ ಚೂರು.

"ಹಿಂದಿನ ರಸ್ತ್ಯಾಗ ಲ್ಯಾಬ್ ಐತಿ. ಇದನ್ನ ಅಲ್ಲಿ ಕೊಟ್ಟು ಬರ್ರಿ. ರಿಪೋರ್ಟ್ ಬಂದ ಮ್ಯಾಲ ಮುಂದಿಂದು ಹೇಳ್ತಾರ."

ಕರಿಬಸಪ್ಪ ಬಲಗೈ ಮುಂದೆ ಮಾಡಿ, ಎಡಗೈಯನ್ನು ಅದರ ಕೆಳಗೆ ಕೊಟ್ಟು, ಮಠದಲ್ಲಿ ತೀರ್ಥ ತೆಗೆದುಕೊಳ್ಳುವವರ ಹಾಗೆ ಬಾಟ್ಲಿ ತೆಗೆದುಕೊಂಡ. ಹೋದವನು ಅವತ್ತು ಬರಲಿಲ್ಲ. ಮರುದಿನ ಮಧ್ಯಾಹ್ನ ಬಂದಾಗ ಧೋತರದ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು.

"ಎಲ್ಲಾ ಮುಗೀತಲೇ ತಮ್ಮಾ. ಇನ್ನ ನಿಶ್ಚಿಂತಿ," ಎಂದ.

ಗಾದೆಪ್ಪ ಅದನ್ನು ರಿಪೋರ್ಟು ಒಳ್ಳೆಯದು ಬಂದಿದೆ ಎಂದು ತಿಳಿದುಕೊಂಡ. ಹೊಲಿಗೆ ಬಿಚ್ಚಿಸಲು ದಾವಣಗೆರೆ ಯಾಕೆ ಎಂದು ಹಡಗಲಿಯಲ್ಲೇ ಬಿಚ್ಚಿಸಿದರು. ಆಸ್ಪತ್ರೆಯಿಂದ ಫೋನು ಬಂದಾಗೆಲ್ಲ ಕರಿಬಸಪ್ಪನೇ ಎತ್ತಿ, "ಆರಾಮ ಅದಾರ್ರಿ, ಬರ್ತೀವ್ರಿ," ಎಂದು ಇಡುತ್ತಿದ್ದ. ಕೊಟ್ರಮ್ಮ ಬೋಳುತಲೆಯ ಮೇಲೆ ಸೆರಗು ಹೊದ್ದು ಮತ್ತೆ ತೋಟಕ್ಕೆ ಹೋದಳು. ಬಲಗೈ ಅರ್ಧ ಮಾತು ಕೇಳುತ್ತಿತ್ತು. ಉಳಿದರ್ಧ ಕೆಲಸ ಎಡಗೈಗೆ ಕಲಿಸಿದಳು.

ರೋಹಿಣಿ ಮಳೆಯ ಮೊದಲ ಹನಿ ಬಿದ್ದ ವಾರ ಹೊಸದೊಂದು ಸುರುವಾಯಿತು. ಕೊಟ್ರಮ್ಮನಿಗೆ ಮಾತು ಸಿಗುವುದು ನಿಂತಿತು. ಎಲ್ಲಾ ಮಾತೂ ಅಲ್ಲ, ಒಂದೊಂದೇ. ಕೊಡ ಬೇಕಾದರೆ ಕೊಡ ಎನ್ನುವುದು ಬರುವುದಿಲ್ಲ. "ಅದನ್ನ ಕೊಡಬೇ ಜಂಬಮ್ಮಾ, ಅದು... ನಡದ ಮ್ಯಾಲ ಕುಂದ್ರತೈತಲ್ಲ, ನೀರಿಂದು."

"ಕೂಸೇನಕ್ಕಾರ?"

"ನಿನ್ನ ಕೂಸು ನೀರು ತರತೈತೇನಬೇ?"

ಇಬ್ಬರೂ ನಕ್ಕರು. ಆದರೆ ನಕ್ಕ ಮೇಲೂ ಮಾತು ಸಿಗಲಿಲ್ಲ. ಆ ರಾತ್ರಿ ಕೊಟ್ರಮ್ಮನಿಗೆ ನಿದ್ದೆ ಹತ್ತಲಿಲ್ಲ.

ಅದೇ ವಾರ ಅವಳ ತಮ್ಮನ ಮಗಳು ಗೀತಾಂಜಲಿ ಅತ್ತೆಯನ್ನು ನೋಡಲು ತವರೂರು ಹಗರಿಬೊಮ್ಮನಹಳ್ಳಿಯಿಂದ ಬಂದಳು. ಗೀತಾಂಜಲಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಏನು ಸಂಶೋಧನೆ ಎಂದು ನೆಂಟರಲ್ಲಿ ಯಾರೂ ಕೇಳಿರಲಿಲ್ಲ, ಲಗ್ನ ಯಾವಾಗ ಎಂದು ಎಲ್ಲರೂ ಕೇಳಿದ್ದರು. ಪಡಸಾಲೆಯಲ್ಲಿ ಚಾಪೆ ಹಾಸಿ ಕೊಟ್ರಮ್ಮ, ಗೀತಾಂಜಲಿ, ಕರಿಬಸಪ್ಪನ ಹೆಂಡತಿ ಚೌಡಕ್ಕ ಮೂವರೂ ಮೊಗ್ಗು ಕಟ್ಟುತ್ತಾ ಕೂತಿದ್ದರು.

"ಅತ್ತಿ, ರಿಪೋರ್ಟ್ ತೋರ್ಸು."

"ನಿಮ್ಮ ದೊಡ್ಡಮಾವಾರ ಹತ್ರ ಐತಿ. ಚಲೋ ಬಂದೈತಂತ."

"ಚಲೋ ಅಂದ್ರ? ಯಾವ ಗಡ್ಡಿ ಅಂತ ಬರದಾರ?"

ಚೌಡಕ್ಕ ಸುಮ್ಮನಿರುವ ಹೆಂಗಸಲ್ಲ. ಬಾಯೊಳಗಿನ ಎಲೆಯಡಿಕೆ ಒಂದು ಕಡೆ ದವಡೆಗೆ ತಳ್ಳಿ ಅಂದಳು: "ಏನು ರಿಪೋರ್ಟವ್ವಾ, ಗಡ್ಡಿನ ಇಲ್ಲಂದ ಮ್ಯಾಲ? ಅದಕ್ಕ ನಮ್ಮ ಮನಿಯವರು ಅವತ್ತ ಮಣ್ಣು ಕೊಟ್ಟು ಬಂದಾರ. ಹೊಲದಾಗ, ಅತ್ತಿಯವರನ್ನ ಹುಗದ ಗದ್ದಿಗಿ ಬಾಜೂಕ. ಅಯ್ಯನೋರನ್ನ ಕರಸಿ, ಪತ್ರಿ, ವಿಭೂತಿ, ಎಲ್ಲಾ ಪದ್ಧತಿ ಪ್ರಕಾರ."

ಗೀತಾಂಜಲಿಯ ಕೈಯ ದಾರ ನಿಂತಿತು.

"ಯಾವುದಕ್ಕ ಮಣ್ಣು ಕೊಟ್ರು ದೊಡ್ಡತ್ತಿ?"

"ಬಾಟ್ಲಿಗೆ," ಎಂದಳು ಚೌಡಕ್ಕ. ಹೇಳಿದ ಮೇಲೆ ಹೇಳಬಾರದಿತ್ತು ಎಂದು ಹೊಳೆದು, ಸೆರಗು ಬಾಯಿಗೆ ಹಿಡಿದುಕೊಂಡಳು.

ಕೊಟ್ರಮ್ಮ ಕಟ್ಟುತ್ತಿದ್ದ ಮಾಲೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು ಪಕ್ಕಕ್ಕಿಟ್ಟಳು. "ಹಂಗಾದ್ರ ಯಾರೂ ನೋಡೇ ಇಲ್ಲ ಅದನ್ನ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಗೀತಾಂಜಲಿ ಅಂಗಳಕ್ಕೆ ಹೋಗಿ ದಾವಣಗೆರೆಗೆ ಫೋನು ಮಾಡಿದಳು. ಬಹಳ ಹೊತ್ತು ಮಾತಾಡಿ ಬಂದು ಅತ್ತೆಯ ಮುಂದೆ ಕೂತಳು. ಮುಚ್ಚಿ ಹೇಳುವುದು ಅವಳಿಗೆ ಬರುವುದಿಲ್ಲ, ಮುಚ್ಚಿ ಹೇಳಿದರೆ ಕೊಟ್ರಮ್ಮ ಕೇಳುವವಳೂ ಅಲ್ಲ.

"ಅತ್ತಿ, ಗಡ್ಡಿ ಯಾವ ಜಾತಿದು ಅಂತ ಗೊತ್ತಾಗದ ಅವರು ಕಿರಣದ ಕರೆಂಟು ಕೊಡಂಗಿಲ್ಲ, ಗುಳಿಗಿ ಸುರು ಮಾಡಂಗಿಲ್ಲ. ಗೊತ್ತಾಗಬೇಕಂದ್ರ ಚೂರು ಬೇಕು. ಇಲ್ಲಾಂದ್ರ ಮತ್ತ ತಲಿ ತಗೀಬೇಕು."

"ತಗದ್ರ?"

"ಈಗ ಅದು ಮಾತಿನ ಜಾಗದ ಹತ್ರ ಬಂದಂಗ ಕಾಣತೈತಿ. ಮತ್ತ ಕೈ ಹಾಕಿದ್ರ ನಿನ್ನ ಮಾತು ಹೋಗಬೌದು. ಪೂರಾ."

"ತಗದು ಮಣ್ಣು ಕೊಟ್ಟದ್ದು ಮತ್ತ ಹೆಂಗ ಹತ್ರ ಬಂತು?"

ಗೀತಾಂಜಲಿ ಚಾಪೆಯ ಮೇಲಿನ ಮೊಗ್ಗುಗಳನ್ನು ಗುಡ್ಡೆ ಮಾಡಿದಳು, ಒಂದು ಹಿಡಿ ಎತ್ತಿ ಬುಟ್ಟಿಗೆ ಹಾಕಿದಳು. ಗುಡ್ಡೆ ಹೋದರೂ ಚಾಪೆಯ ಗೀರುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದವು. "ನೋಡು. ಇದು ಕುಂತಲ್ಲೇ ಕುಂದ್ರೋ ಗಡ್ಡಿ ಅಲ್ಲ, ನಡಿಯೋ ಗಡ್ಡಿ ಇರಬೇಕು. ಡಾಕ್ಟರು ಕೈ ಹಾಕೋ ಮೊದಲ ನಾಲ್ಕು ಕಣ ಎದ್ದು ಹೊಂಟಿರ್ತಾವ."

"ನಡಿ ಅಂತ ಯಾರು ಹೇಳ್ತಾರ ಅವಕ್ಕ?"

ಹುಡುಗಿಯ ಮುಖ ಅರಳಿತು. ಇಷ್ಟು ವರ್ಷದಲ್ಲಿ ನೆಂಟರಲ್ಲಿ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. "ಅದನ್ನ ಓದಾಕ ಅತ್ತಿ ನಾ ಬೆಂಗಳೂರಾಗಿರೋದು. ಮೈಯಾಗಿನ ಒಂದೊಂದು ಕಣದಾಗೂ ಒಂದು ಖಜಾನಿ ಐತಿ. ಅಲ್ಲಿರೋ ಮಾತು ಹೊರಗ ಬರಂಗಿಲ್ಲ, ಅದರ ನಕಲು ಬರತೈತಿ. ಅದಕ್ಕ ಆರ್‌ಎನ್‌ಎ ಅಂತಾರ. ಈಗ ನಿಮ್ಮೂರಾಗ ಡಂಗುರ ಹೊಡಿಯೋ ಮಾರಣ್ಣ ಅದಾನಲ್ಲ? ಪಂಚಾಯ್ತಿಯಾಗ ಹೇಳಿದ್ದನ್ನ ಓಣಿ ಓಣಿಗೆ ಸಾರ್ತಾನ. ಹಂಗ. ಕಣದಾಗಿನ ಮಾರಣ್ಣ 'ಎದ್ದು ನಡೀರಿ' ಅಂತ ಸಾರಿದ್ರ ಕಣ ಎದ್ದು ನಡೀತಾವ."

"ಅವನ ಬಾಯಿ ಮುಚ್ಚಸಾವರು ಇಲ್ಲೇನು?"

"ಅದಾರ! ಮೈಕ್ರೋ ಆರ್‌ಎನ್‌ಎ ಅಂತ. ಇಷ್ಟೀಟು ಅದಾವ, ಜೀರಿಗಿ ಇದ್ದಂಗ. ಹೋಗಿ ಮಾರಣ್ಣನ ಮೈಗೆ ಅಂಟಿಕೊಂಡ್ರ ಅವನ ಸದ್ದು ಅಡಗ್ತೈತಿ. ಆದ್ರ ಇನ್ನ ಕೆಲವರು ಅದಾರ, ಪ್ರೋಟೀನು ಅಂತ. ಅವರು ಮಾರಣ್ಣನ ಕೈ ಹಿಡಕೊಂಡ ತಿರಗ್ತಾರ. ಒಬ್ಬ ಜೀರಿಗಿಯವನ್ನ ಹತ್ರ ಬರಗೊಡಂಗಿಲ್ಲ, ಇನ್ನೊಬ್ಬ ತಾನ ಕರಕೊಂಡು ಬಂದು ಬಾಯಿ ಮುಚ್ಚಸ್ತಾನ. ಗಡ್ಡಿಯಾಗ ಈ ಲೆಕ್ಕ ಕೆಟ್ಟಿರತೈತಿ."

"ನಮ್ಮ ಪಂಚಾಯ್ತಿ ನನ್ನ ತಲಿಯಾಗ ಹೊಕ್ಕೈತಿ ಅನ್ನು," ಎಂದಳು ಕೊಟ್ರಮ್ಮ. ಮತ್ತೆ ಕೇಳಿದಳು: "ಹಂಗಾದ್ರ ಬಾಯಿ ಮುಚ್ಚಸೋ ಸಣ್ಣವು ಎಲ್ಲಾ ಒಳ್ಳೇವು?"

"ಎಲ್ಲಾ ಅಲ್ಲ. 'ನಿಲ್ರಿ' ಅಂತ ಸಾರಾವ ಒಬ್ಬ ಇರ್ತಾನ. ಕೆಲವು ಹೋಗಿ ಅವನ ಬಾಯಿನ ಮುಚ್ಚತಾವ. ಅಂಥವು ಹೆಚ್ಚಾದ್ರೂ ಗಡ್ಡಿ ನಡೀತೈತಿ."

"ಇದಕ್ಕ ಮದ್ದು ಐತೇನು?"

"ಇಲ್ಲ ಅತ್ತಿ. ಯಾವುದು ಯಾರ ಬಾಯಿ ಮುಚ್ಚತೈತಿ ಅಂತ ಇನ್ನೂ ನೋಡಾಕತ್ತೀವಿ. ಇದರಿಂದ ನಿನಗೇನೂ ಆಗಂಗಿಲ್ಲ. ನಿನಗ ಬೇಕಾಗಿದ್ದು ರಿಪೋರ್ಟು, ಕರೆಂಟು, ಗುಳಿಗಿ."

"ಬಾಟ್ಲಿ ಮಣ್ಣಾಗ ಕೆಟ್ಟಿರತೈತೇನು?"

ಗೀತಾಂಜಲಿ ತಲೆಯೆತ್ತಿ ಅತ್ತೆಯನ್ನು ನೋಡಿದಳು. "ಮುಚ್ಚಳ ಬಿಚ್ಚಿರದಿದ್ರ, ಆ ನೀರು ಸೋರಿರದಿದ್ರ, ಕೆಟ್ಟಿರಂಗಿಲ್ಲ. ಗಡ್ಡಿಯ ಜಾತಿ ಗೊತ್ತಾಗತೈತಿ. ಉದ್ದನ ಮಾತುಗಳು ಆ ನೀರಾಗ ಹರದು ಚೂರು ಚೂರಾಗಿರ್ತಾವ, ಜೀರಿಗಿಯಂಥವು ಮಾತ್ರ ಉಳೀತಾವ. ಮೊಂಡು ಅವು."

"ಉಳೀಲಿ. ನನ್ನ ಕೆಲಸ ಆದ ಮ್ಯಾಲ ಮಿಕ್ಕಿದ್ದು ನೀ ಇಟಗಾ." ಕೊಟ್ರಮ್ಮ ಎದ್ದಳು. "ನಿಮ್ಮ ಮಾವ ಎಲ್ಲಿ ಅದಾನ ಕರಿ. ದೊಡ್ಡಮನಿಗೆ ಹೋಗೂಣು."

ಕರಿಬಸಪ್ಪನ ಮನೆ ಮುಂದೆ ಕಲ್ಲಿನ ಕಟ್ಟೆ. ಸಂಜೆ ಅಲ್ಲಿ ಅಣ್ಣತಮ್ಮಂದಿರ ಪೈಕಿ ನಾಲ್ಕು ಜನ, ಮಠದ ಕೊಟ್ರಸ್ವಾಮಿ ಅಯ್ಯನೋರು ಕೂತಿದ್ದರು. ಭಾವನ ಮುಂದೆ ಕೊಟ್ರಮ್ಮ ಎಂದೂ ಸೆರಗು ಸರಿಸಿದವಳಲ್ಲ, ಎದುರು ನಿಂತು ಮಾತಾಡಿದವಳಲ್ಲ. ಬಾಗಿಲ ಮರೆಯಿಂದಲೇ ಇಷ್ಟು ವರ್ಷ ಹೌದು ಅಲ್ಲ ಹೇಳಿದ್ದಳು. ಅವತ್ತು ನೇರ ಬಂದು ಕಟ್ಟೆಯ ಮೇಲೆ ಕೂತಳು. ಕೂತು, ತಲೆಯ ಮೇಲಿನ ಸೆರಗನ್ನು ಕೆಳಗೆ ಬಿಟ್ಟಳು. ಬೋಳುತಲೆಯ ಮೇಲೆ ಕಿವಿಯ ಹಿಂದಿನಿಂದ ಹಣೆಯತನಕ ಹೊಲಿಗೆಯ ಗುರುತು ಕುದುರೆ ಲಾಳದ ಹಾಗೆ ಬಾಗಿತ್ತು. ಅಣ್ಣತಮ್ಮಂದಿರು ನೆಲ ನೋಡಿದರು.

"ನನ್ನ ಬಾಟ್ಲಿ ನನಗ ಬೇಕು," ಎಂದಳು.

ಕರಿಬಸಪ್ಪ ಕೆಟ್ಟವನಲ್ಲ, ಆ ಊರಲ್ಲಿ ಅವನನ್ನು ಹಾಗೆ ಅಂದವರಿಲ್ಲ. ಮೆತ್ತಗೆ ಹೇಳಿದ: "ತಂಗೀ, ಮಣ್ಣಿಗೆ ಕೊಟ್ಟದ್ದನ್ನ ಮತ್ತ ಯಾರಾರ ಕೇಳ್ತಾರೇನು? ನಮ್ಮಪ್ಪನ ಕಾಲು ಬಳ್ಳಾರಿ ಆಸ್ಪತ್ರ್ಯಾಗ ಕಡದು ಎಲ್ಲಿ ಚೆಲ್ಲಿದರೋ ಗೊತ್ತಿಲ್ಲ. ಒಂದು ಕಾಲಿಲ್ಲದ ಅಪ್ಪನ್ನ ಗುಣಿಯಾಗ ಕುಂದ್ರಿಸಿದ್ವಿ. ನಮ್ಮವ್ವ ಸಾಯೋತನಕ ಕನಸಿನಾಗ ಅವ ಕುಂಟಗಂತ ಬಂದು ಬಾಗಲ ಬಡದ. 'ನಿಮ್ಮಪ್ಪನ ಕಾಲು ಎಲ್ಲಲೇ' ಅಂತ ಆಕಿ ಕೇಳೋದು ನನ್ನ, ನಿನ್ನ ಗಂಡನ್ನಲ್ಲ. ಇನ್ನೊಬ್ಬರು ಈ ಮನಿಯಿಂದ ಕಡಿಮಿ ಆಗಿ ಹೋಗಬಾರದು ಅಂತ ನಾ ಅವ್ವಗ ಮಾತು ಕೊಟ್ಟೀನಿ. ನಿನ್ನ ಒಳ್ಳೇದಕ್ಕ ಮಾಡಿದ್ದು."

ಕಟ್ಟೆಯ ಮೇಲಿನವರು ಹೌದೌದು ಎಂದು ತಲೆಯಾಡಿಸಿದರು. ಗಾದೆಪ್ಪ ದೂರದ ಬೇವಿನ ಗಿಡಕ್ಕೆ ಒರಗಿ ನಿಂತಿದ್ದ.

ಕೊಟ್ರಮ್ಮ ಅಯ್ಯನೋರ ಕಡೆ ತಿರುಗಿದಳು. "ಜೀವ ಇರೋರಿಗೆ ಕ್ರಿಯಾ ಮಾಡ್ತಾರೇನ್ರಿ ಸ್ವಾಮಿಗಳ?"

"ಇಲ್ಲ ತಾಯಿ."

"ಮತ್ತ ನೀವು ಮಾಡಿದ್ದೇನು?"

ಅಯ್ಯನೋರು ರುದ್ರಾಕ್ಷಿ ಸರಿಮಾಡಿಕೊಂಡರು. "ಅವ ಕರದ, ನಾ ಹೋದೆ. ಗಡಿಗ್ಯಾಗ ಏನೈತಿ ಅಂತ ನಾ ಬಗ್ಗಿ ನೋಡಲಿಲ್ಲ. ಭಸ್ಮ ಹಾಕಿದೆ, ಪತ್ರಿ ಹಾಕಿದೆ, ಚಾ ಕುಡದು ಬಂದೆ."

ಯಾರೋ ಕಿಸಕ್ಕೆಂದರು. ಕರಿಬಸಪ್ಪನ ಮುಖ ಬಿಗಿಯಿತು. "ಹೆಣ್ಣುಮಕ್ಕಳು ಗದ್ದಿಗಿ ಅಗಿಸಿದ್ದು ಈ ವಂಶದಾಗಿಲ್ಲ. ಗಾದೆಪ್ಪಾ, ಹೆಂಡ್ತಿನ ಮನಿಗೆ ಕರಕೊಂಡು ಹೋಗು. ತಲಿ ಸರಿ ಇಲ್ಲ ಆಕಿದು."

ಕೊಟ್ರಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ತುಟಿ ಅಲುಗಿತು, ಬಲಗೈ ತೊಡೆಯ ಮೇಲೆ ತಾನಾಗಿ ನಡುಗಿತು. ಎಲ್ಲರೂ ಕಾದರು. ಗೀತಾಂಜಲಿ ಮುಂದೆ ಬಂದು ಹೇಳಲು ಹೊರಟಳು, ಕೊಟ್ರಮ್ಮ ಎಡಗೈ ಎತ್ತಿ ತಡೆದಳು. ತನ್ನ ಮಾತನ್ನು ತಾನೇ ಹುಡುಕಿದಳು, ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿ ಹಾಕಿ ತೆಗೆಯುವವರ ಹಾಗೆ, ನಿಧಾನಕ್ಕೆ, ಸೋಲದೆ.

"ಕರಿಬಸಪ್ಪಾ," ಎಂದಳು ಕೊನೆಗೆ.

ಚೌಡಕ್ಕ ಬಾಗಿಲೊಳಗಿನಿಂದ ಅಯ್ಯಯ್ಯೋ ಎಂದಳು. "ಭಾವನ ಹೆಸರು ಹಿಡದು ಕರದ್ಲು! ರೋಗ ಜೋರಾಗೈತಿ!"

ರೋಗ ಎಂದೇ ಎಲ್ಲರೂ ತಿಳಿದರು. ಎಷ್ಟೋ ಮಾತು ತಪ್ಪಿ ಬರುತ್ತಿದ್ದದ್ದು ನಿಜ. ಆ ಹೆಸರು ಮಾತ್ರ ತಪ್ಪಿ ಬಂದದ್ದಲ್ಲ, ಅದು ಕೊಟ್ರಮ್ಮನಿಗೆ ಗೊತ್ತಿತ್ತು.

"ಕರಿಬಸಪ್ಪಾ, ನಿಮ್ಮಪ್ಪನ ಕಾಲು ನಾ ಕಳದಿಲ್ಲ. ನಿಮ್ಮವ್ವಗ ಮಾತು ಕೊಟ್ಟಾಕಿ ನಾನಲ್ಲ. ನನ್ನ ಮೈಯಾಗಿಂದನ್ನ ನನಗೊಂದು ಮಾತು ಕೇಳದ ಹುಗದು, ನನ್ನ ಮನಿಗೆ ಬಂದು ನಿಶ್ಚಿಂತಿ ಅಂದಿ. ನಾ ಸತ್ತಿಲ್ಲ. ನಾಳೆ ಮುಂಜಾನಿ ಅಗೀತೀನಿ. ಕತ್ತಲಾಗ ಅಲ್ಲ, ಬಿಸಿಲಿನಾಗ. ನೋಡೋರು ಬಂದು ನೋಡ್ರಿ."

"ಹೊಲ ನನ್ನ ಪಾಲಿಗೆ ಬಂದದ್ದು," ಎಂದ ಕರಿಬಸಪ್ಪ. "ಅಲ್ಲಿ ಹಾರಿ-ಸಲಿಕಿ ಹಾಕಿದ್ರ ಈ ಹೊಸ್ತಿಲು ತುಳಿಯೋದು ಅವತ್ತಿಗೆ ಮುಗೀತು."

"ಮುಗೀಲಿ," ಎಂದು ಕೊಟ್ರಮ್ಮ ಎದ್ದಳು. ಸೆರಗು ಎಳೆದುಕೊಳ್ಳಲಿಲ್ಲ. ಓಣಿಯುದ್ದಕ್ಕೂ ಬೋಳುತಲೆಯಲ್ಲೇ ನಡೆದು ಮನೆಗೆ ಹೋದಳು.

ಮರುದಿನ ಸೋಮವಾರ. ಹಿಂದಿನ ರಾತ್ರಿಯ ಹನಿಮಳೆಗೆ ಹೊಲ ನೆನೆದು ಮೆತ್ತಗಾಗಿತ್ತು. ಹೊಲದ ಮೂಲೆಯಲ್ಲಿ ಮಾವನದು, ಅತ್ತೆಯದು ಎರಡು ಗದ್ದಿಗೆ, ಪಕ್ಕದಲ್ಲಿ ಒಂದು ಬನ್ನಿ ಗಿಡ. ಅತ್ತೆಯ ಗದ್ದಿಗೆಯ ಬಲಕ್ಕೆ ಮೊರದಷ್ಟಗಲ ಹೊಸ ಮಣ್ಣು, ಮೇಲೆ ಮೂರು ಗುಂಡುಕಲ್ಲು. ಹೆಣ್ಣುಮಕ್ಕಳು ಅಲ್ಲಿಗೆ ಬರುವುದು ಮಣ್ಣು ಕೊಡುವ ದಿನ ಮಾತ್ರ. ಅವತ್ತು ಕೊಟ್ರಮ್ಮ ಬಂದಳು, ಗೀತಾಂಜಲಿ ಬಂದಳು, ಕರೆಯದಿದ್ದರೂ ಜಂಬಮ್ಮ ಬಂದಳು. ಕರಿಬಸಪ್ಪ ಮೊದಲೇ ಬಂದು ಅವ್ವನ ಗದ್ದಿಗೆಯ ಮೇಲೆ ಕೈಯಿಟ್ಟು ನಿಂತಿದ್ದ. ನೋಡಲು ಬಂದವರು ಬದುವಿನಾಚೆ ನಿಂತರು. ಯಾರೂ ಒಳಗೆ ಬರಲಿಲ್ಲ, ಯಾರೂ ವಾಪಸೂ ಹೋಗಲಿಲ್ಲ.

ಕೊಟ್ರಮ್ಮ ಅತ್ತೆಯ ಗದ್ದಿಗೆಗೆ ಹಣೆ ಹಚ್ಚಿದಳು. "ಅತ್ತಿ, ನಿನ್ನ ಬಾಜೂಕ ಬರಾಕ ನನಗಿನ್ನೂ ಹೊತ್ತಾಗಿಲ್ಲ. ನಂದು ನಾ ಒಯ್ತೀನಿ," ಎಂದಳು. ಕಲ್ಲುಗಳನ್ನು ಒಂದೊಂದಾಗಿ ಸರಿಸಿದಳು. ಸಲಿಕೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಹಿಡಿಯ ಮೇಲೆ ಒತ್ತಿಟ್ಟು, ಮಣ್ಣಿಗೆ ಇಳಿಸಿದಳು. ಬಲಗೈ ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು.

ಕರಿಬಸಪ್ಪ ಕಣ್ಣು ಮುಚ್ಚಿದ್ದ. "ಬ್ಯಾಡ ತಂಗೀ," ಎಂದ. ಈಗ ಅದು ಬೆದರಿಕೆಯಾಗಿರಲಿಲ್ಲ. "ಕಡಿಮಿ ಆಗಿ ಹೋಗಬ್ಯಾಡ."

"ಇದು ಮಣ್ಣಾಗ ಇದ್ರ ಬೇಗ ಹೋಗ್ತೀನಿ. ಹೊರಗ ಬಂದ್ರ ನಾಲ್ಕು ದಿನ ತಡದು ಹೋಗಬೌದು. ನನಗ ನಾಲ್ಕು ದಿನ ಬೇಕು. ಪೂರಾ ಆಗಿ ಹೋಗೋ ಆಸಿ ನಿಂದು, ನಂದಲ್ಲ."

ಸಲಿಕೆ ಮತ್ತೆ ಜಾರಿದಾಗ ಬದುವಿನ ಕಡೆಯಿಂದ ಗಾದೆಪ್ಪ ಬಂದ. ಹುಟ್ಟಿದಾಗಿನಿಂದ ಅಣ್ಣನ ಹಿಂದೆಯೇ ನಡೆದ ಕಾಲು, ಅಣ್ಣನನ್ನು ದಾಟಿ ಮುಂದೆ ಬರಲು ತಡವಾಯಿತು. ಬಂದವನು ಹೆಂಡತಿಯ ಕೈಯಿಂದ ಸಲಿಕೆ ತೆಗೆದುಕೊಂಡ. ಅಣ್ಣನ ಮುಖ ನೋಡಲಿಲ್ಲ.

"ಮೆಲ್ಲಕ," ಎಂದಳು ಕೊಟ್ರಮ್ಮ. "ಗಡಿಗಿ ಐತಿ ಒಳಗ. ಒಡದಿ ಮತ್ತ."

"ಗೊತ್ತೈತಿ ಸುಮ್ನಿರು," ಎಂದ ಗಾದೆಪ್ಪ. ಗಂಡ ತನಗೆ ಗದರಿದ್ದು ಕೊಟ್ರಮ್ಮನಿಗೆ ಅವತ್ತು ಬೆಲ್ಲದ ಹಾಗೆ ಅನ್ನಿಸಿತು.

ಮೊಣಕಾಲುದ್ದ ತೆಗೆಯುವಷ್ಟರಲ್ಲಿ ಗಡಿಗೆಯ ಬಾಯಿ ಕಂಡಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಒಳಗೆ ಒಣಗಿದ ಪತ್ರಿ, ಗಟ್ಟಿಯಾದ ವಿಭೂತಿ, ನಡುವೆ ಬಾಟ್ಲಿ. ಕರಿಬಸಪ್ಪ ಮುಚ್ಚಳದ ಸುತ್ತ ಕೆಂಪು ನೂಲು ಸುತ್ತಿ ಅರಗು ಹಚ್ಚಿದ್ದ, ಹನಿಯೂ ಸೋರಿರಲಿಲ್ಲ. ಗೀತಾಂಜಲಿ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು, ಬಹಳ ಹೊತ್ತು ನೋಡಿದಳು. "ಚಲೋ ಐತಿ ಅತ್ತಿ," ಎಂದಳು. "ಇಷ್ಟು ಚಂದ ನಾವೂ ಮುಚ್ಚಂಗಿಲ್ಲ."

ಕರಿಬಸಪ್ಪ ಗದ್ದಿಗೆಯಿಂದ ಕೈ ತೆಗೆದ. ಯಾರ ಕಡೆಯೂ ನೋಡದೆ ಊರ ಕಡೆ ನಡೆದ. ತೆಗೆದ ಗುಣಿಯನ್ನು ಗಾದೆಪ್ಪನೇ ಮುಚ್ಚಿದ.

ಮುಂದೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಕೇಳುವವರ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಬೆಂಗಳೂರಿನಲ್ಲಿ ಆ ಚೂರನ್ನು ಮೇಣದಲ್ಲಿ ಕೂರಿಸಿ, ಎಳೆ ಎಳೆ ಕೊಯ್ದು ನೋಡಿದರು. ಗಡ್ಡೆಯ ಜಾತಿ ಸಿಕ್ಕಿತು. ಒಳ್ಳೆಯ ಜಾತಿಯಲ್ಲ, ನಡೆಯುವ ಜಾತಿಯೇ. ಆದರೆ ಎಲ್ಲಕ್ಕಿಂತ ಕೆಟ್ಟದ್ದೂ ಅಲ್ಲ. ಮತ್ತೆ ತಲೆ ತೆಗೆಯುವ ಕೆಲಸ ಬೀಳಲಿಲ್ಲ. ಕರೆಂಟು ಕೊಟ್ಟರು, ಗುಳಿಗೆ ಕೊಟ್ಟರು, ವಾಂತಿಯಲ್ಲಿ ಕೊಟ್ರಮ್ಮ ಕಡ್ಡಿಯಾದಳು. ಹೋದ ಮಾತು ಕೆಲವು ವಾಪಸು ಬಂದವು, ಕೆಲವು ಬರಲಿಲ್ಲ. ಮಿಕ್ಕ ಮೇಣದ ತುಂಡು ಗೀತಾಂಜಲಿಯ ಕಡೆಯವರಿಗೆ ಹೋಯಿತು, ಕೊಟ್ರಮ್ಮನೇ ಎಡಗೈಯಿಂದ ಸೈ ಹಾಕಿ ಕೊಟ್ಟಳು. ಅದರೊಳಗೆ ಜೀರಿಗೆಯಂಥವು ಗಟ್ಟಿಯಾಗಿ ಉಳಿದಿದ್ದವಂತೆ. ಬಾಯಿ ಮುಚ್ಚಿಸಬೇಕಾದವು ಕಡಿಮೆ, ಮುಚ್ಚಿಸಬಾರದವು ಹೆಚ್ಚು. ಅದರಿಂದ ಕೊಟ್ರಮ್ಮನಿಗೆ ಏನೂ ದಕ್ಕಲಿಲ್ಲ, ದಕ್ಕುತ್ತದೆ ಎಂದು ಹುಡುಗಿ ಹೇಳಿರಲೂ ಇಲ್ಲ. ಆದರೆ ಆ ತಲೆಯಿಟ್ಟುಕೊಂಡು ಅವಳು ಎರಡು ಬೇಸಿಗೆಯ ಮಲ್ಲಿಗೆ ಬಿಡಿಸಿದಳು, ಎಡಗೈಯಲ್ಲಿ. ದೊಡ್ಡಮನೆಯ ಊಟಗಳಿಗೆ ಕರೆ ಬರಲಿಲ್ಲ. ಕೊಟ್ರಮ್ಮ ಕೇಳಲೂ ಹೋಗಲಿಲ್ಲ, ತಪ್ಪಾಯಿತು ಎನ್ನಲೂ ಹೋಗಲಿಲ್ಲ. ಯಾರಾದರೂ ಮಾತು ತೆಗೆದರೆ, "ಒಂದು ಚೂರು ಬೆಂಗಳೂರಾಗ ದುಡಿಯಾಕತ್ತೈತಿ, ಅದಕ್ಕ ಊರಿಗೆ ಬರಾಕ ರಜಾ ಇಲ್ಲ," ಎನ್ನುತ್ತಿದ್ದಳು.

ಇದೆಲ್ಲ ಆಮೇಲಿನದು. ಸೋಮವಾರ ಬಾಟ್ಲಿ ತೆಗೆದ ಸಂಜೆ ಚೌಡಕ್ಕ ಹಿತ್ತಲ ಬೇಲಿಯ ಹತ್ತಿರ ಬಂದು, ಗಂಡನಿಗೆ ಕಾಣದ ಹಾಗೆ ಬಗ್ಗಿ ನಿಂತು ಕರೆದಳು.

"ನಾಳೆ ಬೆಂಗಳೂರಿಗೆ ಹೊಂಟೀರಂತ? ನಾಳೆ ಅಮಾಸಿ ಕಣಬೇ. ಮ್ಯಾಲ ಮಂಗಳವಾರ. ಇಂಥ ದಿನ ಮನಿ ಬಿಟ್ಟೋರು ತಿರುಗಿ ಬರಂಗಿಲ್ಲ. ಬುಧವಾರ ಹೋಗ್ರಿ."

"ಅಕ್ಕಾ, ನನ್ನ ತಲಿಯಾಗ ನಡಿಯೋದು ಅಮಾಸಿಗೆ ನಿಲ್ಲತೈತೇನು?"

ಚೌಡಕ್ಕ ಬೇಲಿಯ ಮೇಲಿಂದ ನಾಲ್ಕು ರೊಟ್ಟಿ, ಶೇಂಗಾಚಟ್ನಿ ಕಟ್ಟಿದ ಗಂಟು ಚಾಚಿ, "ದಾರ್ಯಾಗ ತಿನ್ರಿ, ನಾ ಕೊಟ್ಟೆ ಅನ್ನಬ್ಯಾಡ್ರಿ," ಎಂದು ಓಡಿದಳು.

ಬೆಳಿಗ್ಗೆ ಊರೆಲ್ಲ ಅಮಾಸಿ ಹಬ್ಬದ ಮೈಯಲ್ಲಿತ್ತು, ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿಗೂ ಹೊರಟವರಿಲ್ಲ. ಹರಪನಹಳ್ಳಿಗೆ ಹೋಗುವ ಬಸ್ಸು ಖಾಲಿಯೇ ಬಂತು. ಕಂಡಕ್ಟರು ಅವರನ್ನು ನೋಡಿ, "ಇವತ್ತೂ ಹೊಂಟೀರೇನ್ರಿ?" ಎಂದ. "ಇವತ್ತ," ಎಂದಳು ಕೊಟ್ರಮ್ಮ. ಗಾದೆಪ್ಪ ಚೀಲ ಹಿಡಿದು ಹತ್ತಿದ, ಗೀತಾಂಜಲಿ ಹತ್ತಿದಳು. ಕೊಟ್ರಮ್ಮ ಬಾಟ್ಲಿಯನ್ನು ಮಡಿಲಲ್ಲಿ ಕಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಎಡಗೈಯಿಂದ ಕಂಬಿ ಹಿಡಿದು ಮೆಟ್ಟಿಲು ಏರಿ, ಕಿಟಕಿಯ ಪಕ್ಕ ಬೋಳುತಲೆಯಲ್ಲೇ ಕೂತಳು. ಬಸ್ಸು ದೊಡ್ಡಮನೆಯ ಮುಂದೆಯೇ ಹೋಗಬೇಕು. ಕಟ್ಟೆಯ ಮೇಲೆ ಕರಿಬಸಪ್ಪ ಕೂತಿದ್ದ. ಅವನು ಎದ್ದು ಒಳಗೆ ಹೋಗಲಿಲ್ಲ, ಇವಳು ಮುಖ ತಿರುಗಿಸಲಿಲ್ಲ.

ಹಾಗೆ ಕೊಟ್ರಮ್ಮ ಊರಿಂದ ಹೊರಟಳು. ಎರಡು ಸಾವಿರದ ಎಂಟನೇ ಇಸವಿ, ಬಾದಾಮಿ ಅಮಾಸಿ, ಮಂಗಳವಾರ.